ಹಾಸನದ ಸುದ್ದಿ, ಮೊಬೈಲಿನ ಮದ್ದು ಮತ್ತು ನಮ್ಮ ಹಿರಿಯರು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರೆಂದು ಟಿ.ವಿ.ಯವರು ದಿನವೂ ಲೆಕ್ಕ ತೋರಿಸಿದರು. ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು. ಕೇಂದ್ರ ಆರೋಗ್ಯ ಇಲಾಖೆಯು ಐ.ಸಿ.ಎಂ.ಆರ್. ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧವಿಲ್ಲ ಎಂದಿತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ, ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕಿನಂಥ ಹಳೆಯ ಕಾರಣಗಳೇ ಹೆಚ್ಚು ಎಂಬುದು ಅದರ ಸಾರಾಂಶ. ಈ ವರದಿಯನ್ನು ಓದಿದವರು ಕಡಿಮೆ. ಸಾವಿನ ಲೆಕ್ಕ ಮಾತ್ರ ಎಲ್ಲರ ಬಾಯಲ್ಲಿತ್ತು.

ಹಾಸನ ನಮಗೆ ದೂರದ ಊರು. ಆದರೂ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ನಮ್ಮ ಸಮಾಜದ ಗ್ರೂಪುಗಳಲ್ಲಿ ಆ ತಿಂಗಳು ಹರಿದಾಡಿದ ಸಂದೇಶಗಳು ಇಲ್ಲಿಯೇ ಏನೋ ಆದಂತೆ ಇದ್ದವು. "ಕಾಕಾ, ಇದು ಖರೇ ಏನ್ರಿ?" ಎಂದು ಹುಡುಗರು ಕೇಳುತ್ತಾರೆ. ಕಾಕಾ ಅದನ್ನು ಆಗಲೇ ಹತ್ತು ಮಂದಿಗೆ ಕಳಿಸಿ ಆಗಿರುತ್ತದೆ.

ಅವುಗಳಲ್ಲಿ ಒಂದು, ಒಂದು ಚಮಚ ಕೆಂಪು ಮೆಣಸಿನ ಪುಡಿಯನ್ನು ನೀರಿಗೆ ಹಾಕಿ ಕುಡಿದರೆ ಹೃದಯಾಘಾತ ಒಂದೇ ನಿಮಿಷದಲ್ಲಿ ನಿಲ್ಲುತ್ತದೆ ಎಂಬುದು. ಇದು ಹೊರದೇಶದ ಹಳೆಯ ಸುಳ್ಳು, ನಮ್ಮ ಭಾಷೆಗೆ ಬಂದಿದೆ ಅಷ್ಟೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೂತವರಿಗೆ ನಗು ಬರಬೇಕು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಇನ್ನೊಂದು, ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತ ಕೂತರೆ ಜೀವ ಉಳಿಯುತ್ತದೆ ಎಂಬುದು. ಇಂಥ ಮಾತಿನಿಂದ ಹೋಗುವುದು ಸಮಯ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ತಜ್ಞರು ದೂರದಿಂದ ನೋಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಉಪಯೋಗ. ಈ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ನೋಡಲಿಲ್ಲ.

ನಮ್ಮ ಸಮಾಜಕ್ಕೇ ಸೇರಿದ ಒಂದು ಸಂದೇಶದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರತಿ ಚಾತುರ್ಮಾಸದಲ್ಲಿ ಅದು ಬರುತ್ತದೆ: "ಜೈನರ ಉಪವಾಸಕ್ಕೆ ನೊಬೆಲ್ ಪ್ರಶಸ್ತಿ". ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನ ಹಾಳಾದ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡುವ ಕ್ರಿಯೆಯನ್ನು ಅವರು ಬಿಡಿಸಿ ತೋರಿಸಿದರು. ಅವರ ಮುಖ್ಯ ಪ್ರಯೋಗಗಳು ನಡೆದದ್ದು ಬ್ರೆಡ್ಡಿಗೆ ಹಾಕುವ ಯೀಸ್ಟ್ ಮೇಲೆ. ಮನುಷ್ಯ ಎಂಟು ದಿನ ಉಪವಾಸ ಮಾಡಿದರೆ ಕ್ಯಾನ್ಸರ್ ಹೋಗುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬುದಕ್ಕೆ ಆ ಪ್ರಶಸ್ತಿ ಬಂದಿಲ್ಲ. ನಮ್ಮ ತಪಸ್ಸು ಕರ್ಮನಿರ್ಜರೆಗೆ. ಅದಕ್ಕೆ ಸ್ವೀಡನ್ನಿನ ಸರ್ಟಿಫಿಕೇಟ್ ಯಾಕೆ ಬೇಕು?

ಇದನ್ನು ನಂಬಿ ಎಪ್ಪತ್ತು ದಾಟಿದವರು ಎಂದಿನ ಮಾತ್ರೆಯನ್ನೇ ತೆಗೆದುಕೊಂಡು ಉಪವಾಸ ಕೂತರೆ ಅಪಾಯ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಆಹಾರ ಬಿಟ್ಟರೆ ರಕ್ತದಲ್ಲಿ ಸಕ್ಕರೆ ದಿಢೀರ್ ಇಳಿಯುತ್ತದೆ. ಬೆವರು, ನಡುಕ, ಎಚ್ಚರ ತಪ್ಪುವುದು ಆಗುತ್ತದೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ನಿರ್ಜಲ ಉಪವಾಸ ಮಾಡಿದರೆ ಬೇರೆ ತೊಂದರೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸುವುದೂ ಸರಿಯಲ್ಲ. ಪರ್ವಕ್ಕೆ ಹದಿನೈದು ದಿನ ಮೊದಲೇ ತಮ್ಮ ಡಾಕ್ಟರನ್ನು ಕೇಳಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ "ಶಕ್ತಿತಃ" ಎಂಬ ಮಾತು ಸೇರಿಯೇ ಇದೆ, ಅಂದರೆ ಶಕ್ತಿ ಇದ್ದಷ್ಟು. ಏಕಾಶನವೂ ತಪಸ್ಸೇ. ಹಿರಿಯರು ಹಟ ಹಿಡಿದಾಗ ಮನೆಯ ಮಕ್ಕಳು ಈ ಮಾತನ್ನು ನೆನಪಿಸಬಹುದು. ಮುನಿ ಮಹಾರಾಜರ ಬಾಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು.

ಸುಳ್ಳು ಸಂದೇಶಗಳ ಗದ್ದಲದಲ್ಲಿ ನಮಗೆ ನಿಜಕ್ಕೂ ಬೇಕಾದ ಮಾಹಿತಿ ಮುಚ್ಚಿಹೋಗುತ್ತದೆ. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಹಾಲು, ಮೊಸರಿನಿಂದ ಬಿಟ್ಟರೆ ಹೆಚ್ಚು ಸಿಗುವುದಿಲ್ಲ. ವಯಸ್ಸಾದಂತೆ ದೇಹ ಅದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕೊರತೆ ಇನ್ನೂ ಜಾಸ್ತಿ. ಪಾದ ಜೋಮು ಹಿಡಿಯುವುದು, ಸುಸ್ತು, ಮರೆವು ಬಂದಾಗ "ವಯಸ್ಸಾಯಿತು" ಎಂದು ಸುಮ್ಮನಾಗುತ್ತೇವೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುವ ಸಂಗತಿ ಇದು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜಿಲೆಟಿನ್, ಆದ್ದರಿಂದ ಗುಳಿಗೆ ರೂಪದ್ದು ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ಹಾಗಾದರೆ ಮೊಬೈಲಿನಲ್ಲಿ ಕಂಡದ್ದನ್ನು ನಂಬುವುದು ಹೇಗೆ? ರಾಣೆಬೆನ್ನೂರು ಬೀಜದ ಊರು. ಬೀಜದ ಪ್ಯಾಕೆಟ್ ಮೇಲೆ ಕಂಪನಿ ಹೆಸರು, ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ವಾಯಿದೆ ಇಲ್ಲದಿದ್ದರೆ ನಮ್ಮ ರೈತ ಮುಟ್ಟುವುದಿಲ್ಲ. ಅದೇ ರೈತ, ಅದೇ ವ್ಯಾಪಾರಿ, ಹೆಸರಿಲ್ಲದ ದಿನಾಂಕವಿಲ್ಲದ ಮದ್ದನ್ನು ಮನೆಯವರಿಗೆ ಕುಡಿಸುತ್ತಾನೆ. ಯಾರು ಹೇಳಿದ್ದು, ಯಾವಾಗ, ಕೆಳಗೆ ಏನಾದರೂ ಮಾರುತ್ತಿದ್ದಾರೆಯೇ, ಇಷ್ಟನ್ನು ನೋಡಿದರೆ ಅರ್ಧಕ್ಕರ್ಧ ಸಂದೇಶ ಉದುರಿಹೋಗುತ್ತವೆ. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಪತಂಜಲಿ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಎಷ್ಟು ಕಠಿಣವಾಗಿ ಮಾತಾಡಿತೆಂದು ಎಲ್ಲರೂ ಓದಿದ್ದೇವೆ.

ಡಾಕ್ಟರ ಮುಖ ಕಂಡರೂ ಈಗ ಸಾಲದು. ಡಾ. ದೇವಿ ಶೆಟ್ಟಿಯವರ ಹೆಸರು, ಚಿತ್ರ ಬಳಸಿದ ನಕಲಿ ವಿಡಿಯೋಗಳ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟ್ ಆದೇಶ ಕೊಡಬೇಕಾಯಿತು. ಇಷ್ಟು ದೊಡ್ಡವರ ಪಾಡೇ ಹೀಗಾದರೆ, ತುಟಿ ಒಂದು ಕಡೆ ಮಾತು ಒಂದು ಕಡೆ ಹೋಗುವ ವಿಡಿಯೋವನ್ನು ನಮ್ಮ ಅಜ್ಜಿ ಹೇಗೆ ಗುರುತಿಸಬೇಕು?

ಕನ್ನಡದಲ್ಲಿ ನಂಬುವಂಥ ಬರಹ ಇನ್ನೂ ಕಡಿಮೆ ಎಂಬುದು ನನ್ನ ದೂರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪ್ರಕಟಿಸಿತು. ಹಿರಿಯರ ಊಟದ ಬಗ್ಗೆಯೂ ಅದರಲ್ಲಿದೆ, ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಬಲ್ಲ ನಮ್ಮ ಯುವಕ ಮಂಡಳದವರು ಆ ಭಾಗವನ್ನಾದರೂ ಬಸದಿಯಲ್ಲಿ, ಸ್ಥಾನಕದಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು ಎಂಬ ಒಂದೇ ಮಾತು ಸಾಕು, ನಮ್ಮ ಹಪ್ಪಳ, ಉಪ್ಪಿನಕಾಯಿಯ ಮನೆಗಳಲ್ಲಿ ಒಂದು ಗಂಟೆ ಚರ್ಚೆಯಾಗುತ್ತದೆ.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕಾದ ಸಂಖ್ಯೆಗಳು: ಆಂಬುಲೆನ್ಸ್‌ಗೆ 108, ರಾಜ್ಯದ ಆರೋಗ್ಯ ಸಹಾಯವಾಣಿ 104, ಹಿರಿಯ ನಾಗರಿಕರಿಗೆ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ನಾಲ್ಕಕ್ಕೂ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.