ರೈಲಿಲ್ಲದ ಊರಿನಲ್ಲಿ ರೈಲಿನ ಹವ್ಯಾಸ

ಬಾವಲಿಗೆ ರೈಲು ಬರುವುದಿಲ್ಲ. ಬಾವಲಿಯ ಮಾತಿರಲಿ, ಇಡೀ ವಯನಾಡು ಜಿಲ್ಲೆಯಲ್ಲಿ ಒಂದು ಮೊಳ ಹಳಿಯೂ ಇಲ್ಲ. ರೈಲು ಹತ್ತಬೇಕಾದರೆ ಕಾಡು ದಾಟಿ ಮೈಸೂರಿಗೆ ಹೋಗಬೇಕು; ಇಲ್ಲವೇ ಘಾಟಿ ಇಳಿದು ತಲಶ್ಶೇರಿಗೋ ಕೋಳಿಕ್ಕೋಡಿಗೋ ಹೋಗಬೇಕು. ಆದರೂ ನಮ್ಮ ಮಕ್ಕಳ ನೋಟುಪುಸ್ತಕಗಳ ಹಿಂದಿನ ಹಾಳೆಯನ್ನು ತಿರುವಿ ನೋಡಿದರೆ ಅಲ್ಲಿ ರೈಲಿನ ಚಿತ್ರ ಇದ್ದೇ ಇರುತ್ತದೆ. ಅದೂ ಎಂಥ ರೈಲು? ತಲೆಯ ಮೇಲೆ ಹೊಗೆಕೊಳವೆ ಹೊತ್ತು ಭುಸುಗುಟ್ಟುವ ಉಗಿಬಂಡಿ! ಬಿಡಿಸಿದ ಮಗುವಾಗಲಿ, ಎಷ್ಟೋ ವೇಳೆ ಅದರ ತಂದೆ ತಾಯಿಯಾಗಲಿ ಅಂಥ ಬಂಡಿಯನ್ನು ಹತ್ತಿದವರಲ್ಲ.

ಈ ಪ್ರೀತಿಯನ್ನು ಹಿರಿಯರು ಮಕ್ಕಳಾಟವೆಂದು ತಳ್ಳಿಹಾಕುವುದುಂಟು. "ಹಳೆಯ ಕಬ್ಬಿಣದ ಮೇಲೆ ಇಷ್ಟೇಕೆ ಮೋಹ? ಪಾಠ ಓದಿಕೊಳ್ಳಬಾರದೆ?" ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಆ ಮಾತಿಗೆ ನಮ್ಮ ಉತ್ತರವೇ ಈ ಲೇಖನ. ರೈಲಿನ ಚಿತ್ರಗಳನ್ನು ಕೂಡಿಡುವುದು, ರೈಲಿನ ಮಾದರಿ ಮಾಡುವುದು, ಹಳೆಯ ಎಂಜಿನ್ನುಗಳನ್ನು ಕಾಪಾಡುವುದು, ಈ ಮೂರೂ ವ್ಯರ್ಥ ಕಾಲಹರಣವಲ್ಲ. ಒಂದು ಕಾಲದ ಜನರ ಕೈಯಲ್ಲಿದ್ದ ವಿದ್ಯೆ ಅವರೊಂದಿಗೇ ಮಣ್ಣುಪಾಲಾಗದಂತೆ ನೋಡಿಕೊಳ್ಳುವ ದಾರಿಗಳು ಇವು.

ಮೊದಲು ನಮಗೂ ರೈಲಿಗೂ ಇರುವ ನಂಟನ್ನು ನೋಡೋಣ. 19ನೆಯ ಶತಮಾನದಲ್ಲಿ ರೈಲುದಾರಿಗಳು ಬೆಳೆದಂತೆಲ್ಲ ದಕ್ಷಿಣದ ಕಾಡುಗಳ ಗಟ್ಟಿ ಮರಗಳು ಹಳಿಯ ಕೆಳಗಿನ ದಿಮ್ಮಿಗಳಾದವು, ಎಂಜಿನ್ನಿನ ಒಲೆಗೆ ಸೌದೆಯಾದವು. ರೈಲು ಕಾಡಿನ ನಡುವಿನ ಊರುಗಳಿಗೆ ಬರಲಿಲ್ಲವಾದರೂ ಕಾಡು ಮಾತ್ರ ರೈಲಿಗೆ ಹೋಯಿತು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ದಾರಿ ತೆರೆದದ್ದು 1882ರಲ್ಲಿ. ಆ ಕೆಲಸಕ್ಕೆ ಕೈಹಚ್ಚಿದ್ದು 1876–78ರ ಭೀಕರ ಬರಗಾಲದ ದಿನಗಳಲ್ಲಿ, ಹಸಿದವರಿಗೆ ಕೂಲಿ ಸಿಗಲೆಂದು. ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಎಂದು ಹೇಳುತ್ತಿದ್ದುದು ಇದನ್ನೇ. ಬುತ್ತಿ ಕಟ್ಟಿಕೊಳ್ಳಲು ಹಿಡಿ ಹಿಟ್ಟಿಲ್ಲದ ಜನ ಮಣ್ಣು ಹೊತ್ತು ಹಾಕಿದ ಏರಿಯ ಮೇಲೆ ರೈಲು ಓಡಿತೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ನಂಟು ನೀರಿನದು. ವಯನಾಡಿನಲ್ಲಿ ಹುಟ್ಟಿದ ಕಬಿನಿ ಗಡಿ ದಾಟಿ ಹರಿದು ನಂಜನಗೂಡಿನಲ್ಲಿ ಕಪಿಲೆ ಎನಿಸಿಕೊಳ್ಳುತ್ತಾಳೆ. ನಂಜುಂಡನ ದರ್ಶನಕ್ಕೆ ಹೋದವರು ಅಲ್ಲಿಯ ಹಳೆಯ ಕಲ್ಲಿನ ಸೇತುವೆಯನ್ನು ನೋಡಿರಬಹುದು. ಮೈಸೂರಿನ ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಸೇತುವೆ ಅದು. ಲೋಕದಲ್ಲಿ ಎಲ್ಲಿಯೂ ಉಗಿ ಎಂಜಿನ್ ಹಳಿಯ ಮೇಲೆ ಓಡದಿದ್ದ ಕಾಲ. ಎತ್ತಿನ ಗಾಡಿಗೆಂದು ಕಟ್ಟಿದ ಆ ಕಮಾನುಗಳ ಮೇಲೆ ಒಂದೂವರೆ ಶತಮಾನ ಕಳೆದ ಮೇಲೆ ಹಳಿ ಹಾಸಿದರು. ರಸ್ತೆ, ರೈಲು ಎರಡಕ್ಕೂ ಅದೇ ಸೇತುವೆ ಬೆನ್ನು ಕೊಟ್ಟಿತು. ಬ್ರಾಡ್ ಗೇಜ್ ದಾರಿಗೆ ಹೊಸ ಸೇತುವೆ ಬರುವ ತನಕ, ಎಂದರೆ 2007ರ ತನಕ, ರೈಲಿನ ಭಾರವನ್ನು ಅದು ಹೊತ್ತಿತು. ಅದನ್ನು ಕಟ್ಟಿದ ಕಲ್ಲುಕುಟಿಗರ ಹೆಸರುಗಳು ನಮಗೆ ಉಳಿದಿಲ್ಲ. ಅವರು ಗಾರೆ ಕಲಸಿದ ಹದವೂ ಬರವಣಿಗೆಯಲ್ಲಿ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ಚಿತ್ರಪುಸ್ತಕಗಳ ಬೆಲೆ ಇಲ್ಲಿಯೇ ತಿಳಿಯುತ್ತದೆ. ಅಮೆರಿಕದಲ್ಲಿ ಓ. ವಿನ್‌ಸ್ಟನ್ ಲಿಂಕ್ ಎಂಬ ಛಾಯಾಗ್ರಾಹಕರಿದ್ದರು. ನಾರ್‌ಫೋಕ್ ಅಂಡ್ ವೆಸ್ಟರ್ನ್ ಎಂಬ ರೈಲ್ವೆಯಲ್ಲಿ ಉಗಿ ಎಂಜಿನ್ನುಗಳು ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, 1955ರಿಂದ 1960ರ ವರೆಗೆ, ಅವರು ರಾತ್ರಿಯ ಕತ್ತಲಲ್ಲಿ ಅನೇಕ ಫ್ಲ್ಯಾಷ್ ಬಲ್ಬುಗಳನ್ನು ಒಂದೇ ಕ್ಷಣಕ್ಕೆ ಹೊತ್ತಿಸಿ ಚಿತ್ರ ತೆಗೆದರು. 1987ರಲ್ಲಿ ಅವು ಪುಸ್ತಕವಾಗಿ ಬಂದವು. ಆ ಚಿತ್ರಗಳಲ್ಲಿ ಎಂಜಿನ್ ಒಂಟಿಯಾಗಿ ನಿಂತಿರುವುದು ಅಪರೂಪ. ಒಂದರಲ್ಲಿ ಹಳ್ಳದ ನೀರಿನಲ್ಲಿ ಮಕ್ಕಳು ಆಡುತ್ತಿದ್ದಾರೆ, ಮೇಲಿನ ಸೇತುವೆಯ ಮೇಲೆ ರೈಲು ಓಡುತ್ತಿದೆ. ಜನರ ಬಾಳಿನ ಜೊತೆಗೆ ರೈಲನ್ನು ಕಂಡದ್ದರಿಂದಲೇ ಆ ಚಿತ್ರಗಳು ಇಂದಿಗೂ ಬೆಲೆ ಕಳೆದುಕೊಂಡಿಲ್ಲ.

ನಮ್ಮ ವಿದ್ಯಾರ್ಥಿಗಳು ಇದರಿಂದ ಒಂದು ಪಾಠ ಕಲಿಯಬಹುದು. ಈಗ ಮನೆಮನೆಯಲ್ಲೂ ಚಿತ್ರ ತೆಗೆಯುವ ಫೋನಿದೆ. ರೈಲಿನ ಮುಂದೆ ನಿಂತು ತಮ್ಮದೇ ಮುಖ ತೆಗೆದುಕೊಳ್ಳುವ ಚಪಲಕ್ಕೆ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಹಳಿಯ ಮೇಲೆ ಕಾಲಿಡದೆ, ಪ್ಲಾಟ್‌ಫಾರಂ ಮೇಲೆಯೇ ನಿಂತು, ಹಸಿರು ಬಾವುಟ ಬೀಸುವವರ, ಹಳಿಯ ಕೀಲು ಬಿಗಿಮಾಡುವವರ ಅಪ್ಪಣೆ ಪಡೆದು ಅವರ ಚಿತ್ರ ತೆಗೆಯಿರಿ. ಕೆಳಗೆ ದಿನಾಂಕ, ಸ್ಥಳ, ಅವರು ಮಾಡುತ್ತಿದ್ದ ಕೆಲಸ, ಇಷ್ಟನ್ನು ಬರೆದಿಡಿ. ಮೂವತ್ತು ವರ್ಷ ಕಳೆದ ಮೇಲೆ ಅದಕ್ಕೆ ಬೆಲೆ ಬರುತ್ತದೆ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ನಂಜನಗೂಡು ಸೇತುವೆಯ ಮೇಲಿನ ರೈಲಿನ ಚಿತ್ರವಿದ್ದರೆ ಅದು ಈಗಾಗಲೇ ಚರಿತ್ರೆಯೇ ಆಗಿದೆ.

ಎರಡನೆಯದು ಮಾದರಿ ರೈಲು. ಪುಣೆಯಲ್ಲಿ ಜೋಶಿ ಅವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಇದೆ. ಒಬ್ಬರ ಹವ್ಯಾಸವಾಗಿ ಹುಟ್ಟಿದ್ದು ಇಂದು ಸಾವಿರಾರು ಮಕ್ಕಳು ನೋಡಿ ನಲಿಯುವ ತಾಣವಾಗಿದೆ. ಅಂಥ ವಿದ್ಯುತ್ ರೈಲುಗಳನ್ನು ಕೊಳ್ಳುವ ಶಕ್ತಿ ನಮಗಿಲ್ಲ, ನಿಜ. ಆದರೆ ರಟ್ಟು, ಬಿದಿರುಕಡ್ಡಿ, ಅಂಟು ಇದ್ದರೆ ಸಾಕು, ಮಾದರಿ ಮಾಡಲು ಬೇಕಾದದ್ದು ಲೆಕ್ಕ. 1:50ರ ಪ್ರಮಾಣದಲ್ಲಿ ಒಂದು ಮೀಟರು ಎರಡು ಸೆಂಟಿಮೀಟರಾಗುತ್ತದೆ. 1,676 ಮಿಲಿಮೀಟರಿನ ಬ್ರಾಡ್ ಗೇಜ್ ಎಷ್ಟಾಗುತ್ತದೆ? ಮೂವತ್ಮೂರೂವರೆ ಮಿಲಿಮೀಟರು. ಗುಣಾಕಾರ ತಪ್ಪಿದರೆ ಗಾಲಿ ಹಳಿಯಿಂದ ಇಳಿಯುತ್ತದೆ. ಪರೀಕ್ಷಕರು ಅಂಕ ಕಳೆಯುವ ಮೊದಲೇ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ನೀಲಗಿರಿ ರೈಲನ್ನೇ ತೆಗೆದುಕೊಳ್ಳಿ. ಗೂಡಲೂರು ದಾಟಿ ಉದಕಮಂಡಲಕ್ಕೆ ಹೋದರೆ ನಮಗದು ದೂರವೇನಲ್ಲ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂದ ಈ 46 ಕಿಲೋಮೀಟರ್ ದಾರಿಯಲ್ಲಿ ಅತಿ ಕಡಿದಾದ ಏರು 12ಕ್ಕೆ 1. ಒಂದು ಮೀಟರು ಇಪ್ಪತ್ತು ಸೆಂಟಿಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಹತ್ತು ಸೆಂಟಿಮೀಟರ್ ಎತ್ತಿದರೆ ಅದೇ ಏರು ಸಿದ್ಧ. ನುಣುಪಾದ ಕಬ್ಬಿಣದ ಗಾಲಿ ನುಣುಪಾದ ಹಳಿಯ ಮೇಲೆ ಭಾರ ಎಳೆದುಕೊಂಡು ಇಂಥ ಏರನ್ನು ಹತ್ತಲಾರದೆ ಜಾರುತ್ತದೆ. ಅದಕ್ಕಾಗಿ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲುಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಎಂಜಿನ್ನು ಬಂಡಿಗಳನ್ನು ಎಳೆಯದೆ ಕೆಳಗಿನಿಂದ ನೂಕುತ್ತದೆ. ಈ ತತ್ವವನ್ನು ಹತ್ತು ಸಲ ಓದುವುದಕ್ಕಿಂತ ಒಂದು ಸಲ ರಟ್ಟಿನಲ್ಲಿ ಮಾಡಿ ನೋಡುವುದು ಮೇಲು.

ಮೂರನೆಯದೂ ಮುಖ್ಯವೂ ಆದದ್ದು ಎಂಜಿನ್ನುಗಳ ರಕ್ಷಣೆ. ಚಿತ್ತರಂಜನ್ ಕಾರ್ಖಾನೆ 2,351 ಉಗಿ ಎಂಜಿನ್ನುಗಳನ್ನು ಕಟ್ಟಿ 1972ರಲ್ಲಿ ಆ ಕೆಲಸ ನಿಲ್ಲಿಸಿತು. ಮುಂದೆ ಡೀಸೆಲ್, ವಿದ್ಯುತ್ ಎಂಜಿನ್ನುಗಳು ಬಂದು ಉಗಿಬಂಡಿಗಳು ಗುಜರಿಗೆ ಹೋದವು. ಇದಕ್ಕೆ ನಾವು ಕಣ್ಣೀರು ಸುರಿಸಬೇಕಿಲ್ಲ. ಬೇಸಗೆಯ ಬಿಸಿಲಲ್ಲಿ ಒಲೆಯ ಬಾಯಿಗೆ ಕಲ್ಲಿದ್ದಲು ಎರಚುತ್ತ ನಿಂತ ಫೈರ್‌ಮನ್ನರ ಬವಣೆ ನೆನೆದರೆ ಉಗಿಯುಗ ಮರಳಿ ಬರಲಿ ಎಂದು ಯಾರೂ ಹಾರೈಸಲಾರರು. ಎಲ್ಲವನ್ನೂ ಉಳಿಸಿಕೊಳ್ಳಲು ಜಾಗವೂ ಇಲ್ಲ, ಹಣವೂ ಇಲ್ಲ. ಆದರೆ ಉಳಿಸಿಕೊಂಡ ಕೆಲವನ್ನಾದರೂ ಸರಿಯಾಗಿ ಉಳಿಸಿಕೊಳ್ಳಬೇಕು. ಕೆಲವೆಡೆ ಹಳೆಯ ಎಂಜಿನ್ನೊಂದನ್ನು ಕಟ್ಟೆಯ ಮೇಲೇರಿಸಿ ಬಣ್ಣ ಬಳಿದು ಬಿಟ್ಟುಬಿಡುತ್ತಾರೆ. ಹೊರಗೆ ಥಳಥಳ, ಒಳಗೆ ತುಕ್ಕು. ಯಾರು ಕಟ್ಟಿದರು, ಎಲ್ಲಿ ಓಡಿತು ಎಂದು ತಿಳಿಸುವ ಒಂದು ಫಲಕವೂ ಇರುವುದಿಲ್ಲ.

ಕಸುಬು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿ ಎ1 ಎಂಬ ವರ್ಗದ 49 ಎಂಜಿನ್ನುಗಳಿದ್ದವು. ಒಂದನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಒಡೆದು ಹಾಕಿದರು. ಆಮೇಲೆ ಮರುಗಿದ ಹವ್ಯಾಸಿಗಳು 1990ರಲ್ಲಿ ಸಂಘ ಕಟ್ಟಿ, ಚಂದಾ ಎತ್ತಿ, ಹೊಸದಾಗಿಯೇ ಒಂದನ್ನು ಮಾಡಲು ಹೊರಟರು. 'ಟಾರ್ನೆಡೊ' ಎಂಬ ಆ ಎಂಜಿನ್ ಸಿದ್ಧವಾದದ್ದು 2008ರಲ್ಲಿ. ವೆಚ್ಚ ಸುಮಾರು 30 ಲಕ್ಷ ಪೌಂಡ್. ಅದರ ಬಾಯ್ಲರನ್ನು ಮಾತ್ರ ಜರ್ಮನಿಯ ಮೈನಿಂಗನ್ ಪಟ್ಟಣದ ಕಾರ್ಖಾನೆಯಲ್ಲಿ ಮಾಡಿಸಬೇಕಾಯಿತು. ಉಗಿಬಂಡಿಯ ತವರುಮನೆಯೇ ಬಾಯ್ಲರಿಗಾಗಿ ನೆರೆಮನೆಯ ಬಾಗಿಲು ತಟ್ಟಿತು!

ಇದರ ಎದುರಿಗೆ ನಮ್ಮ ನೀಲಗಿರಿಯನ್ನಿಡಿ. ಅಲ್ಲಿ ಉಗಿ ಎಂಜಿನ್ನುಗಳನ್ನು ಓಡಿಸುವುದನ್ನು ಪೂರ್ತಿಯಾಗಿ ಬಿಟ್ಟುಬಿಡಲಿಲ್ಲ. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಿಟ್ಜರ್‌ಲೆಂಡಿನಿಂದ ಬಂದ ಹಳೆಯ ಎಂಜಿನ್ನುಗಳು ಸವೆದಾಗ ತಿರುಚ್ಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯ ಕೆಲಸಗಾರರು ಅದೇ ಮಾದರಿಯ ಹೊಸ ಉಗಿ ಎಂಜಿನ್ನನ್ನು ಕಟ್ಟಿ 2011ರಲ್ಲಿ ಬೆಟ್ಟಕ್ಕೆ ಕಳಿಸಿದರು. ರಿಪೇರಿ ಮಾಡುತ್ತಲೇ ಬಂದ ಕೈಗಳಿಗೆ ಹೊಸದನ್ನು ಕಟ್ಟುವುದೂ ಸಾಧ್ಯವಾಯಿತು. ಈಜು ಕಲಿತವರು ನೀರಿಗಿಳಿಯುತ್ತಲೇ ಇರಬೇಕು. ಕಸುಬಿನ ಮಾತೂ ಅಷ್ಟೆ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಶಾಲೆಯ ಪ್ರವಾಸ ಮೈಸೂರಿಗೆ ಹೊರಟರೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿ ಬರುವುದು ವಾಡಿಕೆ. ರೈಲ್ವೆ ನಿಲ್ದಾಣದ ಬಳಿಯೇ 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯವಿದೆ. ಹಳೆಯ ಉಗಿ ಎಂಜಿನ್ನುಗಳಿವೆ, ಅಡುಗೆಮನೆ ಸಹಿತವಾದ ಮಹಾರಾಣಿಯವರ 1899ರ ಸಲೂನು ಬಂಡಿಯಿದೆ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರಿದೆ. ಮುಂದಿನ ಪ್ರವಾಸದಲ್ಲಿ ಅಲ್ಲಿಗೆ ಎರಡು ಗಂಟೆ ಮೀಸಲಿಡೋಣ. ಮಕ್ಕಳ ಕೈಯಲ್ಲಿ ತಿಂಡಿಯ ಪೊಟ್ಟಣದ ಜೊತೆಗೆ ಪುಸ್ತಕ, ಪೆನ್ಸಿಲು, ಅಳತೆಪಟ್ಟಿ ಇರಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸ ಹೇಳುತ್ತೇವೆ. ನಂಜನಗೂಡಿನ ಸೇತುವೆಯನ್ನು ಅಳೆದು ಬಂದು ಅದರ ಮಾದರಿಯೊಂದನ್ನು ನಮ್ಮ ಶಾಲೆಯಲ್ಲಿ ಮಾಡಿ. ಕೆಳಗೆ ಹರಿಯುವ ಹೊಳೆ ನಮ್ಮದೇ. ಮಾಡುವಾಗ ಊರಿನ ಬಡಗಿಯನ್ನು, ಗಾರೆಯವರನ್ನು ಕರೆದು ಕಮಾನು ಕಟ್ಟುವ ಬಗೆಯನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಬರಹವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಲು ಪುಟಗಳನ್ನು ಖಾಲಿ ಇಡುತ್ತೇವೆ.

ಬಾವಲಿಗೆ ಎಂದಾದರೂ ರೈಲು ಬಂದೀತೇ, ಬರುವುದಾದರೆ ಕಾಡಿಗೂ ಆನೆಗಳಿಗೂ ಕೇಡಾಗದಂತೆ ಬರುವುದು ಹೇಗೆ ಎಂಬುದನ್ನು ದೊಡ್ಡವರು ಚರ್ಚಿಸಲಿ. ಅದಕ್ಕಾಗಿ ಕಾಯುತ್ತ ನಾವು ಕೈಕಟ್ಟಿ ಕೂರಬೇಕಾದ್ದಿಲ್ಲ. ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿರುವ ಆ ಉಗಿಬಂಡಿ ಮುಂದಿನ ಹಾಳೆಗೆ ಬರಲಿ, ಅಳತೆಯೊಡನೆ, ಹೆಸರಿನೊಡನೆ, ಅದನ್ನು ಓಡಿಸಿದವರ ನೆನಪಿನೊಡನೆ.