ಬ್ರೆಡ್ಡು ಹಂಚಬೇಡಿ, ಜೊತೆಗೆ ಬನ್ನಿ

ಮನೆಯಲ್ಲಿ ಒಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡರೆ ನಮ್ಮ ಕಡೆ ಏನೇನು ನಡೆಯುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ತಿಥಿ, ಊರಿಗೆಲ್ಲ ಊಟ. ಬಸ್ ಸ್ಟಾಂಡಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್. ವರ್ಷ ತುಂಬಿದ ದಿನ ‘ಅವರ ಹೆಸರಲ್ಲಿ ಏನಾದರೂ ಒಳ್ಳೇದು ಮಾಡೋಣ’ ಅಂತ ಆಸ್ಪತ್ರೆಗೆ ಹೋಗಿ, ಬೆಡ್ಡಿಗೊಂದು ಪ್ಯಾಕೆಟ್ ಬ್ರೆಡ್ಡು, ಎರಡು ಬಾಳೆಹಣ್ಣು ಕೊಟ್ಟು, ಫೋಟೋ ತೆಗೆಸಿಕೊಂಡು, ಸಂಜೆಗೆ ಸ್ಟೇಟಸ್ ಹಾಕುತ್ತಾರೆ. ಬಾಯಿ ಕ್ಯಾನ್ಸರ್ ಆದವರಿಗೂ ಬ್ರೆಡ್ಡೇ. ಆ ಕಾಯಿಲೆಯಲ್ಲಿ ಬಾಯಿ ತೆರೆಯುವುದೇ ಎಷ್ಟು ಕಷ್ಟ ಅನ್ನುವುದನ್ನು ಕೊಡುವವರೇ ತಮ್ಮ ಮನೆಯಲ್ಲಿ ಕಣ್ಣಾರೆ ಕಂಡಿರುತ್ತಾರೆ. ಆದರೂ ಬ್ರೆಡ್ಡು.

ಕೊಡುವವರ ಮನಸ್ಸು ಕೆಟ್ಟದ್ದಲ್ಲ. ದುಃಖಕ್ಕೆ ಒಂದು ದಾರಿ ಬೇಕಲ್ಲ, ಅದಕ್ಕೆ ಮಾಡುತ್ತಾರೆ. ನನ್ನ ತಕರಾರು ಬೇರೆ. ಕ್ಯಾನ್ಸರ್ ರೋಗಿಯನ್ನು ಕೊನೇ ದಿನದವರೆಗೂ ನೋಡಿಕೊಂಡ ಮನೆಯವರ ಹತ್ತಿರ ಬ್ರೆಡ್ಡಿಗಿಂತ ನೂರು ಪಾಲು ಬೆಲೆಬಾಳುವ ತಿಳಿವಳಿಕೆ ಇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ. ಸತ್ತವರ ಜೊತೆಗೇ ಅದೂ ಮಣ್ಣಾಗುತ್ತದೆ.

ಏನು ಆ ತಿಳಿವಳಿಕೆ? ಗುಂಡ್ಲುಪೇಟೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸುಮಾರು 200 ಕಿಲೋಮೀಟರ್. 1973ರಲ್ಲಿ ಶುರುವಾದ ಆ ಆಸ್ಪತ್ರೆ ಇವತ್ತಿಗೂ ನಮ್ಮಂಥ ಬಡವರ ಪಾಲಿಗೆ ಕೊನೆಯ ಬಾಗಿಲು. ಮೊದಲ ಸಲ ಹೋದವರಿಗೆ ಯಾವ ಕೌಂಟರ್, ಯಾವ ಕಾಗದ, ಎಲ್ಲಿ ಮಲಗುವುದು, ಒಂದೂ ತಿಳಿಯುವುದಿಲ್ಲ. ಎರಡನೇ ತಿಂಗಳಿಗೆ ಎಲ್ಲ ತಿಳಿಯುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇರಬೇಕು. ಆ ಒಂದು ಚೀಟಿ ಇಲ್ಲದೆ ಸೀದಾ ಹೋಗಿ, ಜಮೀನು ಅಡ ಇಟ್ಟು ಬಿಲ್ಲು ಕಟ್ಟಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಇವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು ರಿಯಾಯಿತಿ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ. ಚಾಮರಾಜನಗರದಿಂದ ಹೊರಡುವ ತಿರುಪತಿ ರೈಲು ಬೆಂಗಳೂರಿನ ಮೇಲೇ ಹೋಗುತ್ತದೆ. ಕೀಮೋ ಮುಗಿಸಿಕೊಂಡು ಬಸ್ಸಿನಲ್ಲಿ ವಾಂತಿ ಮಾಡುತ್ತಾ ಬರುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಇದು ಕಾಗದದ ಮಾತಾಯಿತು. ಮನೆಯೊಳಗಿನದು ಇನ್ನೂ ದೊಡ್ಡದು. ಬಾಯಿ ಹುಣ್ಣಾದಾಗ ಗಂಜಿಯನ್ನು ಎಷ್ಟು ತೆಳ್ಳಗೆ, ಎಷ್ಟು ತಣ್ಣಗೆ ಮಾಡಬೇಕು. ಮಲಗಿದ ಕಡೆಯೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು. ಗಾಯ ವಾಸನೆ ಬರುತ್ತದೆ ಅಂತ ರೋಗಿಯನ್ನು ಜಗಲಿಗೋ ಕೊಟ್ಟಿಗೆ ಪಕ್ಕದ ಕೋಣೆಗೋ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಆ ವಾಸನೆ ಕಡಿಮೆ ಮಾಡುವುದಕ್ಕೂ ಔಷಧಿ ಇದೆ, ಗಾಯ ಕಟ್ಟುವ ವಿಧಾನ ಇದೆ, ಗೊತ್ತಿರುವ ನರ್ಸ್ ಒಂದು ದಿನದಲ್ಲಿ ಹೇಳಿಕೊಡುತ್ತಾರೆ. ಒಂದು ಮನೆ ಕಲಿತದ್ದು ನಾಲ್ಕು ಮನೆ ಆಚೆಗೆ ದಾಟುವುದಿಲ್ಲ. ಪ್ರತಿ ಮನೆಯೂ ಅ ಆ ಇ ಈಯಿಂದಲೇ ಶುರು ಮಾಡಬೇಕು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ. ನಮ್ಮ ತರಕಾರಿ ದಿನಾ ಆ ಕಡೆ ಹೋಗುತ್ತದೆ, ಓಣಂಗೆ ನಮ್ಮ ಚೆಂಡು ಹೂವು ಹೋಗುತ್ತದೆ, ಅವರು ಇಲ್ಲಿ ಬಂದು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಆದರೆ ಅವರ ಒಂದು ಪದ್ಧತಿ ಮಾತ್ರ ಮೂಲೆಹೊಳೆ ದಾಟಿ ಈ ಕಡೆ ಬರಲೇ ಇಲ್ಲ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತಿತರರು ನೋವು ಶಮನದ ಒಂದು ಸಂಘ ಕಟ್ಟಿದರು. ವಾಸಿಯಾಗದ ರೋಗಿ ಆಸ್ಪತ್ರೆಗೆ ಬರಲಾರ, ಆಸ್ಪತ್ರೆಯೇ ಮನೆಗೆ ಹೋಗಬೇಕು ಅನ್ನುವುದು ಅವರಿಗೆ ಬೇಗ ಅರ್ಥವಾಯಿತು. ಮುಂದೆ ಮಲಪ್ಪುರಂ, ವಯನಾಡು, ಕೋಯಿಕ್ಕೋಡ್ ಕಡೆ ಊರೂರಿನಲ್ಲಿ ನೆರೆಹೊರೆಯವರ ಗುಂಪುಗಳಾದವು. ಷರತ್ತು ಸರಳ: ವಾರಕ್ಕೆ ಕನಿಷ್ಠ 2 ಗಂಟೆ ಕೊಡಬೇಕು. 16 ಗಂಟೆ ಪಾಠ, 4 ದಿನ ರೋಗಿಗಳ ಜೊತೆ ಕಲಿಕೆ. ಆಮೇಲೆ ನರ್ಸ್ ಜೊತೆ ಮನೆ ಮನೆಗೆ. ದುಡ್ಡು ಹೆಚ್ಚಿನ ಪಾಲು ಊರಿನವರೇ ಕೊಟ್ಟ ಚಿಲ್ಲರೆ. ಜನ ಮಾಡಿ ತೋರಿಸಿದ ಮೇಲೆ 2008ರಲ್ಲಿ ಕೇರಳ ಸರ್ಕಾರ ಅದನ್ನು ತನ್ನ ನೀತಿಯಾಗಿ ಮಾಡಿಕೊಂಡಿತು, ಪಂಚಾಯಿತಿಗಳು ನರ್ಸ್ ಇಟ್ಟುಕೊಂಡು ಮನೆಗೆ ಕಳಿಸಲು ಶುರು ಮಾಡಿದವು.

ನಮ್ಮಲ್ಲೂ ಒಳ್ಳೆಯ ಸಂಸ್ಥೆಗಳಿಲ್ಲ ಅಂತಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ಮನೆಗೇ ಹೋಗಿ ಆರೈಕೆ ಮಾಡುತ್ತಾರೆ. ಆದರೆ ಹಂಗಳದಲ್ಲೋ ತೆರಕಣಾಂಬಿಯಲ್ಲೋ ರಾತ್ರಿ ಎರಡು ಗಂಟೆಗೆ ನೋವಿನಿಂದ ಕೂಗುವವರಿಗೆ ಬೆಂಗಳೂರು ಏನು ಮಾಡುತ್ತದೆ? ಪೇಟೆಯ ಕೆಲವು ಸಂಘಗಳಿಗೆ ಸ್ವಯಂಸೇವಕ ಅಂದರೆ ಅಕ್ಟೋಬರ್‌ನಲ್ಲಿ ಗುಲಾಬಿ ಟೀ ಶರ್ಟು ಹಾಕಿಕೊಂಡು ಜಾಥಾದಲ್ಲಿ ನಡೆಯುವವನು. ಹೆಂಡತಿಯನ್ನು ಕಳೆದುಕೊಂಡವನನ್ನು ವೇದಿಕೆ ಹತ್ತಿಸಿ, ಅಳಿಸಿ, ಚಪ್ಪಾಳೆ ತಟ್ಟಿ, ಕೈಗೊಂದು ಶಾಲು ಕೊಟ್ಟು ಕಳಿಸುತ್ತಾರೆ. ಅವನಿಗೆ ಗೊತ್ತಿರುವ ಕೆಲಸವನ್ನು ಯಾರೂ ಕೇಳುವುದಿಲ್ಲ.

‘ನಮ್ಮನೇಲಿ ಆಗಿದ್ದೇ ಸಾಕು ಕನವ್ವ, ಇನ್ನೊಬ್ಬರ ಮನೇದು ಯಾಕೆ?’ ಅನ್ನುವವರ ಮಾತಿಗೆ ಎದುರಾಡಲಾರೆ. ಸಾವಾದ ಮರುತಿಂಗಳೇ ಯಾರನ್ನೂ ಕರೆಯಬಾರದು. ಆಗದವರು ಬರದೇ ಇರಲಿ. ನನ್ನ ಜಗಳ ಇರುವುದು ಬರಲು ಸಿದ್ಧವಿರುವವರನ್ನು ತಡೆಯುವವರ ಮೇಲೆ. ನಮ್ಮ ಊರುಗಳಲ್ಲಿ ಕ್ಯಾನ್ಸರ್ ಆರೈಕೆ ಚೆನ್ನಾಗಿ ಗೊತ್ತಿರುವವರು ಯಾರು? ಗಂಡನನ್ನು ನೋಡಿಕೊಂಡು ಕಳೆದುಕೊಂಡ ಹೆಂಗಸರು. ಅವರು ಇನ್ನೊಂದು ಕಾಯಿಲೆ ಮನೆಯ ಹೊಸ್ತಿಲು ತುಳಿದರೆ ಅಪಶಕುನ ಅಂತೀರಿ. ಗಂಡನ ಹುಣ್ಣು ತೊಳೆದ ಕೈ ಅದು. ಅದಕ್ಕಿಂತ ಶುಭದ ಕೈ ರೋಗಿಗೆ ಯಾವುದಿದೆ?

ಜಾತಿಯ ಮಾತನ್ನೂ ಬಾಯಿ ಬಿಟ್ಟೇ ಆಡೋಣ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುತ್ತೇವೆ, ಯಾರು ಎತ್ತ ಅಂತ ಕೇಳುವುದಿಲ್ಲ. ಸೇವೆ ನಮಗೆ ಹೊಸದಲ್ಲ. ಆದರೆ ಕೇರಿಯವರು ಊರೊಳಗಿನ ಮನೆಯ ನಡುಮನೆಗೆ ಬಂದು ರೋಗಿಯನ್ನು ಹೊರಳಿಸಿ ಮಲಗಿಸಲು ಬಿಡುತ್ತೀರಾ? ಊರಿನವರು ಕೇರಿಗೆ ಹೋಗಿ ಬಟ್ಟೆ ಬದಲಿಸುತ್ತೀರಾ? ಮಲಪ್ಪುರಂನ ಪಾಠವನ್ನು ಇಲ್ಲಿ ಶುರು ಮಾಡಿದರೆ ಮೊದಲು ಎಡವುವುದು ಇಲ್ಲೇ. ತರಬೇತಿ ಪಡೆದವರು ‘ಆ ಮನೆಗೆ ಹೋಗಲ್ಲ’ ಅಂದರೆ ಅಂಥವರು ಬೇಡ ಅನ್ನುವ ಗಟ್ಟಿತನ ಗುಂಪಿಗೆ ಇರಬೇಕು.

ಹಾಗಂತ ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ. ಪಕ್ಕದ ಮನೆಯಾಕೆ ಗಂಜಿ ಕುಡಿಸಬಹುದು, ಮಾರ್ಫಿನ್ ಕೊಡಲಾರಳು. ಕ್ಯಾನ್ಸರ್‌ನ ಕಡು ನೋವಿಗೆ ಬಾಯಲ್ಲಿ ನುಂಗುವ ಮಾರ್ಫಿನ್ ಮಾತ್ರೆ ದುಬಾರಿ ಔಷಧಿಯಲ್ಲ. ವೈದ್ಯರು ಹೇಳಿದ ಅಳತೆಯಲ್ಲಿ ನೋವಿಗೆ ತೆಗೆದುಕೊಂಡರೆ ಚಟ ಹತ್ತುವುದು ತೀರಾ ಅಪರೂಪ. ಮಲ ಕಟ್ಟುತ್ತದೆ, ಅದಕ್ಕೆ ಜೊತೆಗೇ ಇನ್ನೊಂದು ಮಾತ್ರೆ ಬೇಕು, ಅಷ್ಟೆ. 1985ರ ಮಾದಕ ವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲು ಹೆದರುತ್ತಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸಲೀಸಾಯಿತು. ಊರೂರಿನ ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಇಂಥ ಶಮನ ಆರೈಕೆಯೂ ಒಂದು. ಕಾಗದದಲ್ಲಿ ಎಲ್ಲ ಇದೆ. ಇದನ್ನೂ ಆಶಾ ಅಕ್ಕಂದಿರ ತಲೆ ಮೇಲೆ ಹಾಕಿ ಮುಗಿಸಬೇಡಿ, ಅವರ ತಲೆ ಮೇಲೆ ಈಗಾಗಲೇ ಸಾಕಷ್ಟಿದೆ.

ಬರುವವರಿಗೂ ಎರಡು ಮಾತು. ನಿಮ್ಮ ಮನೆಯವರಿಗೆ ಕೊಟ್ಟ ಔಷಧಿಯನ್ನು ಇನ್ನೊಬ್ಬರಿಗೆ ಕೊಡಬೇಡಿ. ನಾಟಿ ಔಷಧಿ ನಂಬಿ ಕೀಮೋ ಬಿಡಿ ಅಂತ ಹೇಳಬೇಡಿ. ‘ನಮ್ಮೋರಿಗೂ ಹಿಂಗೇ ಆಗಿ ಹೋಗ್ಬುಟ್ರು’ ಅಂತ ರೋಗಿಯ ಎದುರು ಶುರು ಮಾಡಬೇಡಿ; ಎಷ್ಟೋ ರೋಗಿಗಳು ಚಿಕಿತ್ಸೆಯಿಂದ ವಾಸಿಯಾಗುತ್ತಾರೆ, ನಿಮ್ಮ ಸಾವನ್ನು ಅವರ ಮನೆಗೆ ಹೊತ್ತುಕೊಂಡು ಹೋಗಬಾರದು. ಫೋನು ಜೇಬಿನಲ್ಲೇ ಇರಲಿ.

ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ಆಗಲೇಬೇಕು. ಮುಂದಿನ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಇದೆಯಾ? ಮನೆಗೆ ಬಂದು ಗಾಯ ಕಟ್ಟಲು ತರಬೇತಿ ಪಡೆದ ನರ್ಸ್ ಯಾರು? ಊರಿನ ಹತ್ತು ಜನ ಕಲಿಯಲು ಸಿದ್ಧ ಇದ್ದರೆ 16 ಗಂಟೆಯ ಪಾಠವನ್ನು ಯಾರು, ಯಾವಾಗ ಮಾಡುತ್ತಾರೆ? ಸಿಕ್ಕ ಉತ್ತರವನ್ನು ನಮಗೆ ಕಳಿಸಿ, ಊರಿನ ಹೆಸರಿನ ಸಮೇತ ಇಲ್ಲೇ ಹಾಕುತ್ತೇವೆ.