ಜೀರೋ ಟಿಕೆಟ್ ಯಾಕೆ ಕೊಡ್ಬೇಕು?

ಟೆಕ್ ಟಾಕ್ ಅಂದ್ರೆ ಹೇಗಿರುತ್ತೆ ಅಂತ ನಮ್ಮೆಲ್ಲರಿಗೂ ಗೊತ್ತು. ಮೊದಲ ಸ್ಲೈಡಿನಲ್ಲಿ ನಾಲ್ಕು ಹೆಸರು, ನಾಲ್ಕು ಯುಎಸ್‌ಎನ್. ಎರಡನೇದರಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಡಿಸೈನಿನ ನಾಲ್ಕು ಪಿಲ್ಲರ್‌ಗಳು. ಆಮೇಲೆ ಒಂದು ಅನಿಮಲ್, ಅದರ ಕೆಳಗೆ ಒಂದು ಡಾಗ್, ಒಂದು ಕ್ಯಾಟ್. ನಾಯಿ ಬೊಗಳುತ್ತೆ, ಬೆಕ್ಕು ಮಿಯಾಂವ್ ಅನ್ನುತ್ತೆ, ಪಾಲಿಮಾರ್ಫಿಸಂ ಮುಗೀತು. ಕೊನೆಗೆ ಟೀಮ್‌ವರ್ಕ್ ಅಂತ ಒಂದು ಸ್ಲೈಡ್, ಅದರಲ್ಲಿ ಕೈ ಮೇಲೆ ಕೈ ಇಟ್ಟಿರೋ ಫೋಟೋ. ಥ್ಯಾಂಕ್ ಯೂ. ಚಪ್ಪಾಳೆ. ಸಮೋಸ.

ನಾವೂ ಇಂಥದ್ದೇ ಒಂದು ಟಾಕ್ ಕೊಟ್ಟವರು. ಮೂರನೇ ಸೆಮ್‌ನಲ್ಲಿ ಜಾವಾ ಓದಿದ ಜೋಶ್‌ನಲ್ಲಿ ದಾವಣಗೆರೆಯಲ್ಲೇ ನಡೆದ ಒಂದು ವಿದ್ಯಾರ್ಥಿ ಕಾನ್ಫರೆನ್ಸಿಗೆ ನಾಲ್ಕು ಜನ ಹೆಸರು ಕೊಟ್ವಿ. ನಾಯಿ ಬೆಕ್ಕು ಬೇಡ ಅಂತ ತೀರ್ಮಾನ ಮಾಡಿದ್ದು ಮಾತ್ರ ನಮ್ಮ ಪುಣ್ಯ. ಉದಾಹರಣೆಗೆ ಆರಿಸಿಕೊಂಡಿದ್ದು ಹರಿಹರ-ದಾವಣಗೆರೆ ಬಸ್ಸಿನ ಟಿಕೆಟ್. ಐಡಿಯಾ ನಮ್ಮ ಹರಿಹರದ ಗೆಳತಿಯದು. (ಹೆಸರು ಹಾಕಬೇಡಿ ಅಂದಿದ್ದಾಳೆ. ಈ ಬರಹ ಓದಿ ಎರಡು ಹೊಗಳಿಕೆಯ ಸಾಲನ್ನೂ ಹೊಡೆದು ಹಾಕಿದ್ದಾಳೆ.) ದಿನಾ ಸುಮಾರು 14 ಕಿಲೋಮೀಟರ್ ಬಂದು, ಅಷ್ಟೇ ದೂರ ವಾಪಸ್ ಹೋಗೋಳು, ಆಧಾರ್ ತೋರಿಸಿ ಜೀರೋ ಟಿಕೆಟ್ ಇಸ್ಕೊಳ್ಳೋಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಆವತ್ತು ಬಸ್ಸು ಬದಲಾಗಲಿಲ್ಲ, ರೂಟು ಬದಲಾಗಲಿಲ್ಲ, ಪ್ರಯಾಣಿಕರೂ ಬದಲಾಗಲಿಲ್ಲ, ಯಾರಿಗೆ ಎಷ್ಟು ದರ ಅನ್ನೋ ನಿಯಮ ಮಾತ್ರ ಬದಲಾಯ್ತು. ಡಿಸೈನ್ ಸರಿಯಿದ್ದರೆ ಇಂಥ ಬದಲಾವಣೆಯನ್ನ ಕೋಡಿನಲ್ಲಿ ಒಂದೇ ಕಡೆ ಮಾಡಿದರೆ ಸಾಕಾಗಬೇಕು. ಇದು ಅವಳ ವಾದ. ಕೋಡೂ ಹೆಚ್ಚುಕಮ್ಮಿ ಅವಳದೇ.

ಆದರೆ ಸ್ಟೇಜ್ ಮೇಲೆ ಮಾತಾಡಿದ್ದು ನಮ್ಮಲ್ಲಿ ಕಾನ್ವೆಂಟ್‌ನಲ್ಲಿ ಓದಿದ ಇಬ್ಬರು. ಇದನ್ನ ಯಾರೂ ಕೂತು ನಿರ್ಧಾರ ಮಾಡಿರಲಿಲ್ಲ. "ನಿಮ್ದು ಇಂಗ್ಲಿಷ್ ಚಲೋ ಐತಿ, ನೀವೇ ಮಾತಾಡ್ರಿ" ಅಂತ ಅವಳೇ ಅಂದಳು, ನಾವು ಎರಡನೇ ಸಲ ಕೇಳಲಿಲ್ಲ. ಅವಳು ಲ್ಯಾಪ್‌ಟಾಪ್ ಮುಂದೆ ಕೂತು ಸ್ಲೈಡ್ ಬದಲಾಯಿಸ್ತಿದ್ದಳು.

ಟಾಕ್ ಮುಗಿದ ಮೇಲೆ ಜಡ್ಜ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. ಪ್ರಯಾಣ ಉಚಿತ ಅಂದಮೇಲೆ ಟಿಕೆಟ್ ಆಬ್ಜೆಕ್ಟ್ ಯಾಕೆ ಸೃಷ್ಟಿ ಮಾಡ್ತೀರಿ, ನಲ್ ವಾಪಸ್ ಕೊಟ್ಟರೆ ಸಾಕಲ್ವಾ? ನಾವು ಮುಖ ಮುಖ ನೋಡ್ಕೊಂಡು, "ಗುಡ್ ಕ್ವೆಶ್ಚನ್ ಸರ್, ಫ್ಯೂಚರ್ ಸ್ಕೋಪ್‌ನಲ್ಲಿ ನೋಡ್ತೀವಿ" ಅಂದ್ವಿ. ಫ್ಯೂಚರ್ ಸ್ಕೋಪ್ ಅಂದ್ರೆ ಗೊತ್ತಿಲ್ಲ ಅನ್ನೋದಕ್ಕೆ ಇಂಜಿನಿಯರಿಂಗ್ ಭಾಷೆ.

ಸಂಜೆ ಮಿರ್ಚಿ-ಮಂಡಕ್ಕಿ ತಿನ್ನೋವಾಗ ಅವಳು ಉತ್ತರ ಹೇಳಿದಳು. "ಟಿಕೆಟ್ ಕೊಡ್ಲಿಲ್ಲಂದ್ರೆ ಎಷ್ಟು ಹೆಣ್ಮಕ್ಳು ಅಡ್ಡಾಡಿದ್ರು ಅಂತ ಹೆಂಗ್ ಗೊತ್ತಾಗ್ತತಿ? ಆ ಲೆಕ್ಕದ ಮೇಲೇ ಅಲ್ಲೇನು ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು?"

ಹೌದಲ್ವಾ! ಸರ್ಕಾರಿ ಭಾಷೆಯಲ್ಲಿ ಅದಕ್ಕೆ ಶೂನ್ಯ ಟಿಕೆಟ್ ಅಂತಾರೆ. ಬೆಲೆ ಸೊನ್ನೆ ಇರಬಹುದು, ಟಿಕೆಟ್ ಮಾತ್ರ ಇದೆ. ಎಲ್ಲಿಂದ ಎಲ್ಲಿಗೆ ಅಂತ ಅದಕ್ಕೆ ಗೊತ್ತು, ದಿನದ ಕೊನೆಗೆ ಲೆಕ್ಕ ಕೇಳಿದರೆ ಹೇಳುತ್ತೆ. ನಲ್ ಇಟ್ಟರೆ ಹೇಳೋಕೆ ಅಲ್ಲಿ ಯಾರೂ ಇರಲ್ಲ, ಪ್ರೋಗ್ರಾಮ್ ಬಿದ್ದುಹೋಗುತ್ತೆ. ನಲ್ ಆಬ್ಜೆಕ್ಟ್ ಪ್ಯಾಟರ್ನ್ ಅನ್ನೋದು ಇದಕ್ಕೆ ಹತ್ತಿರದ ಐಡಿಯಾ. ಆ ಹೆಸರು ಗೊತ್ತಿಲ್ಲದೆಯೇ ಅವಳು ತನ್ನ ಕೋಡಿನಲ್ಲಿ ಅಂಥದ್ದನ್ನೇ ಮಾಡಿದ್ದಳು. ನಾವು ಆ ಕೋಡ್ ಪೂರ್ತಿ ಓದಿರಲಿಲ್ಲ.

"ಗೊತ್ತಿದ್ರೆ ಅಲ್ಲೇ ಹೇಳ್ಬಾರ್ದಿತ್ತಾ?" ಅಂತ ನಮ್ಮಲ್ಲೊಬ್ಬ ಕೇಳಿದ.

"ಮೈಕ್ ನಿಮ್ ಕೈಯಾಗಿತ್ತು" ಅಂದಳು.

ತಮಾಷೆ ಏನಂದ್ರೆ, ನಮ್ಮ ಏಳನೇ ಸ್ಲೈಡಿನಲ್ಲೇ ಇನ್ಫರ್ಮೇಷನ್ ಎಕ್ಸ್‌ಪರ್ಟ್ ಅನ್ನೋ ತತ್ವ ಇತ್ತು. ಕ್ರೇಗ್ ಲಾರ್ಮನ್ ಅವರದು. ಒಂದು ಕೆಲಸಕ್ಕೆ ಬೇಕಾದ ಮಾಹಿತಿ ಯಾವ ಕ್ಲಾಸಿನ ಹತ್ತಿರ ಇದೆಯೋ, ಆ ಕೆಲಸದ ಜವಾಬ್ದಾರಿಯನ್ನ ಅದಕ್ಕೇ ಕೊಡಿ ಅನ್ನೋದು ಅದರ ಅರ್ಥ. ಅದನ್ನ ಅಷ್ಟು ಚೆನ್ನಾಗಿ ಇಂಗ್ಲಿಷಿನಲ್ಲಿ ವಿವರಿಸಿದ ನಾವು, ಮಾಹಿತಿ ಇದ್ದವಳನ್ನ ಸ್ಲೈಡ್ ಒತ್ತೋಕೆ ಕೂರಿಸಿದ್ವಿ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಡಿಸೈನ್ ಬಗ್ಗೆ ಒಂದು ಟಾಕ್, ಟೀಮ್‌ವರ್ಕ್ ಬಗ್ಗೆ ಇನ್ನೊಂದು ಟಾಕ್ ಅಂತ ಮಾಡೋದನ್ನ ಬಿಡಬೇಕು. ಎರಡೂ ಒಂದೇ ಪ್ರಶ್ನೆ. ಯಾವ ಕೆಲಸ ಯಾರದು, ಯಾರು ಯಾರನ್ನ ಕೇಳಬೇಕು? ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು, ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡ್ಕೋತಾರೋ ಅವರು ಕಟ್ಟೋ ಸಿಸ್ಟಂ ಕೂಡ ಅದೇ ಆಕಾರ ತಗೊಳ್ಳುತ್ತೆ ಅಂತ. ನಂಬಿಕೆ ಇಲ್ಲದಿದ್ದರೆ ನಮ್ಮ ಕೋಡ್ ನೋಡಿ. ಯಾವಾಗಲೂ ಹರಟೆ ಹೊಡೆಯೋ ಇಬ್ಬರ ಕ್ಲಾಸ್‌ಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ, ಅವಳ ಟಿಕೆಟ್ ಕ್ಲಾಸ್ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತಿದೆ.

ಹಾಗಾದರೆ ಟಾಕ್ ಹೇಗೆ ಕೊಡಬೇಕು? ದಾರಿ ಹಳೇದು. 1989ರ ಊಪ್ಸ್ಲಾ ಸಮ್ಮೇಳನದಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನೋರು ಆಬ್ಜೆಕ್ಟ್‌ಗಳನ್ನ ಕಲಿಸೋದು ಹೇಗೆ ಅಂತ ಒಂದು ಪ್ರಬಂಧ ಮಂಡಿಸಿದ್ದರು. ಅದಕ್ಕೆ ಬೇಕಾಗಿದ್ದು ಬರೀ ರಟ್ಟಿನ ಕಾರ್ಡು. ಪ್ರತಿ ಕಾರ್ಡಿನ ಮೇಲೆ ಒಂದು ಕ್ಲಾಸಿನ ಹೆಸರು, ಎಡಕ್ಕೆ ಅದರ ಜವಾಬ್ದಾರಿಗಳು, ಬಲಕ್ಕೆ ಅದು ಯಾರ ಸಹಾಯ ಕೇಳುತ್ತೆ ಅನ್ನೋದು. ಕಾರ್ಡ್ ಕೈಯಲ್ಲಿ ಹಿಡಿದವರೇ ಆ ಆಬ್ಜೆಕ್ಟ್ ಆಗ್ತಾರೆ, ಆಡಿ ತೋರಿಸ್ತಾರೆ. ಕಾರ್ಡ್ ಚಿಕ್ಕದಾಗಿರೋದಕ್ಕೂ ಒಂದು ಕಾರಣ ಇದೆ. ಜವಾಬ್ದಾರಿಗಳು ಅದರಲ್ಲಿ ಹಿಡಿಸದಿದ್ದರೆ ಆ ಕ್ಲಾಸಿಗೆ ಕೆಲಸ ಜಾಸ್ತಿ ಆಗಿದೆ ಅಂತ ಅರ್ಥ. ಎಲ್ಲ ಕೆಲಸ ಒಬ್ಬನೇ ಮಾಡೋ ಮಿನಿ ಪ್ರಾಜೆಕ್ಟ್ ಟೀಮುಗಳಿಗೂ ಇದು ಅನ್ವಯಿಸುತ್ತೆ, ಬಿಡಿ.

ಇದನ್ನ ನಾವು ಹರಿಹರದಲ್ಲಿ ಮಾಡಿ ನೋಡಿದ್ವಿ. ಗೆಳತಿಯ ತಮ್ಮ ಡಿಪ್ಲೊಮಾ ಓದ್ತಾನೆ, ಅವನ ಕ್ಲಾಸಿನ ಹದಿನೈದಿಪ್ಪತ್ತು ಜನ ಒಂದು ಭಾನುವಾರ ಸೇರಿದರು. ಸ್ಲೈಡ್ ಇಲ್ಲ. ಮದುವೆ ಕರೆಯೋಲೆಗಳ ಹಿಂಬದಿಯೇ ಕಾರ್ಡು. ಮಾತು ಪೂರ್ತಿ ಕನ್ನಡದಲ್ಲಿ, ನಡೆಸಿದ್ದು ಅವಳು, ನಾವು ಮೂವರು ಬಸ್ಸು, ಕಂಡಕ್ಟರ್, ಪ್ರಯಾಣಿಕ. ಎಲ್ಲಾ ಸರಾಗವಾಗಿ ನಡೀತು ಅಂತ ಸುಳ್ಳು ಹೇಳಲ್ಲ. ಫ್ಯಾನ್ ಗಾಳಿಗೆ ಕಾರ್ಡು ಹಾರಿದವು. ಮೊದಲ ಹತ್ತು ನಿಮಿಷ ಎಲ್ಲರೂ ನಗ್ತಾನೇ ಇದ್ದರು. ಒಬ್ಬ ಹುಡುಗ ಎದ್ದು, "ಅಕ್ಕಾ, ಹರಿಹರೇಶ್ವರ ದೇವ್ರು ಜಾವಾದಾಗ ಬರಂಗಿಲ್ಲ ಬಿಡ್ರಿ, ಎರಡು ಕ್ಲಾಸ್ ಎಕ್ಸ್‌ಟೆಂಡ್ ಮಾಡಾಕ್ ಬಿಡಲ್ಲ" ಅಂದ. ಹಿಂದಿನಿಂದ ಇನ್ನೊಬ್ಬ, "ಇಂಟರ್‌ಫೇಸ್ ಹಾಕಲೇ!" ಮಲ್ಟಿಪಲ್ ಇನ್‌ಹೆರಿಟೆನ್ಸ್ ಬಗ್ಗೆ ನಾವು ಕೇಳಿದ ಅತ್ಯುತ್ತಮ ಚರ್ಚೆ ಇದೇ.

ಆಮೇಲೆ ಒಂದು ಹುಡುಗಿ ಕೇಳಿದ ಪ್ರಶ್ನೆಗೆ ನಾವು ನಾಲ್ವರೂ ಸುಮ್ಮನಾದ್ವಿ. ತುಂಗಭದ್ರಾ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ಆ ಕಡೆ ಓಡೋದು ವಾಯವ್ಯ ಸಾರಿಗೆ. ರಾಣೆಬೆನ್ನೂರಿಗೆ ಹೋಗೋವಾಗ ಆ ಬಸ್ಸಿನಲ್ಲಿ ಕೊಟ್ಟ ಜೀರೋ ಟಿಕೆಟ್ಟಿನ ದುಡ್ಡು ಯಾರಿಗೆ ಹೋಗಬೇಕು? ಶಕ್ತಿ ಯೋಜನೆ ನಾಲ್ಕೂ ಸಾರಿಗೆ ನಿಗಮಗಳಿಗೆ ಸೇರಿದ್ದು. ನಮ್ಮ ಕಾರ್ಡುಗಳಲ್ಲಿ ಬಸ್ಸಿತ್ತು, ಕಂಡಕ್ಟರಿದ್ದ, ಪ್ರಯಾಣಿಕನಿದ್ದ, ಟಿಕೆಟ್ಟಿತ್ತು. ನಿಗಮವೇ ಇರಲಿಲ್ಲ! ಇಡೀ ಸೆಮಿಸ್ಟರ್ ನಮ್ಮ ಕಣ್ಣಿಗೆ ಬೀಳದ ಕ್ಲಾಸನ್ನ ದಿನಾ ಸೇತುವೆ ನೋಡೋ ಹುಡುಗಿ ಅರ್ಧ ಗಂಟೆಯಲ್ಲಿ ಹುಡುಕಿದಳು. ಅಲ್ಲೇ ಹೊಸ ಕಾರ್ಡ್ ಬರೆದು ಅವಳ ಕೈಗೇ ಕೊಟ್ವಿ.

ಬಸ್ಸು, ಟಿಕೆಟ್ ಎಲ್ಲ ಚಿಕ್ಕ ಮಕ್ಕಳ ಉದಾಹರಣೆ ಅಂತ ಕೆಲವರು ಮೂಗು ಮುರೀತಾರೆ. ಆಬ್ಜೆಕ್ಟ್‌ಗಳು ಹುಟ್ಟಿದ್ದೇ ಇಂಥದ್ದಕ್ಕೆ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಸಿಮ್ಯುಲಾ ಭಾಷೆ ಕಟ್ಟಿದ್ದು ಹೊರಗಿನ ಪ್ರಪಂಚದ ವ್ಯವಹಾರವನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡೋಕೆ.

ಇನ್ನೊಂದು ಆಕ್ಷೇಪಣೆ ದೊಡ್ಡದು, ಅದನ್ನ ಹಗುರವಾಗಿ ತಳ್ಳಿಹಾಕೋಕೆ ಆಗಲ್ಲ. ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಇರೋದು ಇಂಗ್ಲಿಷಿನಲ್ಲಿ, ಕಾಲೇಜಿನಲ್ಲೇ ಅಭ್ಯಾಸ ಆಗದಿದ್ದರೆ ಇನ್ನೆಲ್ಲಿ ಆಗಬೇಕು? ನಿಜ. ಗೆಳತಿಯದೂ ಇದೇ ಪ್ರಶ್ನೆ, ಮುಂದಿನ ಟಾಕ್ ಇಂಗ್ಲಿಷಿನಲ್ಲೇ ಕೊಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಕೊಡಲಿ, ತಪ್ಪಿದರೆ ತಪ್ಪಲಿ. ಆದರೆ ಅಭ್ಯಾಸ ಬೇಕಾಗಿರೋದು ಅವಳಿಗೆ ಅಂದಮೇಲೆ ಪ್ರತಿ ಸಲ ಮೈಕ್ ನಮ್ಮ ಕೈಗೇ ಯಾಕೆ ಬರುತ್ತೆ? ಇನ್ನು ಇಂಗ್ಲಿಷ್ ಮೀಡಿಯಂನ ನಮಗೆ ಕನ್ನಡದಲ್ಲಿ ವಿವರಿಸೋದೇ ಕಷ್ಟ ಆಯ್ತು. ಶಬ್ದ ಸಿಗದೆ ಅಲ್ಲ, ಎನ್‌ಕ್ಯಾಪ್ಸುಲೇಷನ್ನನ್ನ ಎನ್‌ಕ್ಯಾಪ್ಸುಲೇಷನ್ ಅಂತಲೇ ಅಂದ್ವಿ. "ಅಂದ್ರೆ ಏನು?" ಅಂತ ಕೇಳಿದಾಗ 'ಬೇಸಿಕಲಿ' ಅಂತ ಶುರು ಮಾಡಿ ತಪ್ಪಿಸ್ಕೊಳ್ಳೋಕೆ ಅಲ್ಲಿ ಆಗಲಿಲ್ಲ.

ಕನ್ನಡ ಸಂಘದಲ್ಲಿ ನಮ್ಮ ಬೇಡಿಕೆ ಒಂದೇ. ಮುಂದಿನ ಟೆಕ್ ಟಾಕ್‌ಗಳಲ್ಲಿ ಕೋಡ್ ಬರೆದವರೇ ಆ ಭಾಗವನ್ನ ವಿವರಿಸಬೇಕು, ಯಾವ ಭಾಷೆಯಲ್ಲಿ ಅನ್ನೋದನ್ನೂ ಅವರೇ ಆರಿಸಬೇಕು. ಪ್ರಶ್ನೆ ಬಂದರೆ ಮೈಕ್ ಅವರ ಕೈಗೆ ಹೋಗಬೇಕು.

ಕಾರ್ಡುಗಳು ಸಂಘದ ಕಪಾಟಿನಲ್ಲಿವೆ, ಬೇಕಾದವರು ತಗೊಳ್ಳಿ. ಕಂಡಕ್ಟರ್ ಕಾರ್ಡ್ ಮಾತ್ರ ಫ್ಯಾನ್ ಗಾಳಿಗೆ ಹಾರಿ ಹೋದದ್ದು ಇನ್ನೂ ಸಿಕ್ಕಿಲ್ಲ, ಹೊಸದು ಬರ್ಕೊಳ್ಳಿ.